ಸಮುದ್ರದ ಬಜೆಟ್ಟಿನಲ್ಲಿ ಮದುವೆ ಖರ್ಚು

ದಾದಾಪೀರ ಸಾಹೇಬರು ಜೀವಮಾನದಲ್ಲಿ ಸಮುದ್ರ ಕಂಡದ್ದು ಎರಡೇ ಸಲ. ಎರಡೂ ಸಲ ಪ್ಯಾಂಟು ಮೊಣಕಾಲಿಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ತೆರೆ ಬಂದಾಗಲೆಲ್ಲ ಹಿಂದೆ ಹಿಂದೆ ಸರಿಯುತ್ತ. ಇಂಥ ಧೀರರು ಮಿಕ್ಕ ಆಯುಷ್ಯವನ್ನು ಶ್ರೀಲಂಕಾದ ಕರಾವಳಿಯ ಒಂದು ಸಣ್ಣ ಊರಿನಲ್ಲಿ ಕಳೆಯುವುದೆಂದು ತೀರ್ಮಾನಿಸಿಬಿಟ್ಟರು. ಮೊಬೈಲಿನಲ್ಲಿ ಯಾವನೋ ಬಿಳಿ ಗಡ್ಡದವನು ತೆಂಗಿನ ಮರದ ಕೆಳಗೆ ಕೂತು, ಸಣ್ಣ ಪೆನ್ಶನ್ನಿದ್ದರೂ ಇಲ್ಲಿ ರಾಜನ ಹಾಗಿರಬಹುದು ಅಂದದ್ದೇ ಸಾಕಾಯಿತು. ಮರುದಿನದಿಂದ ಅವರಿಗೆ ರಾಣೆಬೆನ್ನೂರಿನ ಧೂಳು ಕಣ್ಣಿಗೆ ಚುಚ್ಚತೊಡಗಿತು.

ಹಾವೇರಿಯ ಖಜಾನೆ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಮಂದಿಯ ಬಿಲ್ಲುಗಳಿಗೆ ಕೊಕ್ಕೆ ಹಾಕಿ ವಾಪಸು ಕಳಿಸಿದ ಮನುಷ್ಯ ಅವರು. ನಿವೃತ್ತಿಯಾದ ಮೇಲೆ ಕೊಕ್ಕೆ ಹಾಕಲು ಏನೂ ಸಿಗದೆ ಚಡಪಡಿಸುತ್ತಿದ್ದರು. ಈಗ ಇನ್ನೂರು ಪುಟದ ನೋಟ್‌ಬುಕ್ಕು ತಂದು, ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದು, ಬಜೆಟ್ಟು ಬರೆಯಲು ಕೂತರು. ಮನೆ ಬಾಡಿಗೆ, ಕರೆಂಟು, ವೀಸಾ, ಬಿಪಿ ಗುಳಿಗೆ, ವರ್ಷಕ್ಕೆ ಆರು ಕಿಲೋ ಬ್ಯಾಡಗಿ ಮೆಣಸಿನಕಾಯಿ.

ಹೆಂಡತಿ ಜೈತೂನಬಿ ರೊಟ್ಟಿ ಬಡಿಯುತ್ತ ಕೇಳಿದಳು. “ಅಲ್ಲಿ ನನಗ ಮಾತಾಡಾಕ ಯಾರದಾರ?”

“ನಾ ಇರ್ತೀನಲ್ಲ.”

“ಅದಕ್ಕ ಕೇಳಾಕತ್ತೇನಿ.”

ಎಷ್ಟು ಸಲ ಕೂಡಿಸಿದರೂ ಪೆನ್ಶನ್ನಿಗಿಂತ ಖರ್ಚು ತಿಂಗಳಿಗೆ ನಾಲ್ಕು ಸಾವಿರ ಜಾಸ್ತಿ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ದಾರಿ ಹೊಳೆಯಿತು. ಮದುವೆಗಳು. ಮುಯ್ಯಿ, ಸೀರೆ, ಜಂಪರ್ ಪೀಸು, ಬಸ್ಸಿನ ಚಾರ್ಜು ಸೇರಿ ವರ್ಷಕ್ಕೆ ಐವತ್ತೆರಡು ಸಾವಿರ ಹಾಳಾಗುತ್ತಿತ್ತು. ಸಮುದ್ರ ದಾಟಿದವನನ್ನು ಯಾರು ಮದುವೆಗೆ ಕರೆಯುತ್ತಾರೆ? ಆ ಸಾಲನ್ನೇ ಹೊಡೆದುಹಾಕಿದರು. ಬಜೆಟ್ಟು ಕೂತಿತು; ಮೇಲೆ ತಿಂಗಳಿಗೆ ಮುನ್ನೂರ ಮೂವತ್ಮೂರು ರೂಪಾಯಿ ಉಳಿತಾಯ ಬೇರೆ.

ಇಷ್ಟು ಶ್ಯಾಣ್ಯಾತನ ಹೊಟ್ಟೆಯಲ್ಲಿ ನಿಲ್ಲುವುದುಂಟೇ? ಬಾಜೂ ಮನೆಯ ಲಕ್ಷ್ಮಪ್ಪನನ್ನು ಚಹಾಕ್ಕೆ ಕರೆದು ತೋರಿಸಿದರು. ಲಕ್ಷ್ಮಪ್ಪ ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಗುಮಾಸ್ತ. ಇಪ್ಪತ್ತಾರು ವರ್ಷದಿಂದ ಎರಡೂ ಮನೆಗೆ ನಡುವೆ ಒಂದೇ ಗೋಡೆ. ಅವನ ಮಗಳು ರೋಹಿಣಿ ಭಿನ್ನರಾಶಿ ತಿಳಿಯದೆ ಅತ್ತು ಅತ್ತು ಕಲಿತದ್ದು ಸಾಹೇಬರ ಕಟ್ಟೆಯ ಮೇಲೆಯೇ.

“ನೋಡ ಲಕ್ಷ್ಮಪ್ಪ, ಮಂದಿ ಮದುವಿ ತಗದ ಕೂಡ್ಲೆ ಹೆಂಗ ಹಗುರಾತು.”

ಲಕ್ಷ್ಮಪ್ಪ ಆ ಸಾಲನ್ನು ಎರಡು ಸಲ ಓದಿದ. ಚಹಾ ಮುಗಿಸಿದ. “ಛಲೋ ಆತ್ರಿ ಸಾಹೇಬ್ರ,” ಎಂದು ಎದ್ದು ಹೋದ.

ತಿಂಗಳೊಪ್ಪತ್ತಿನಲ್ಲಿ ರೋಹಿಣಿಯ ಮದುವೆ ನಿಶ್ಚಯವಾಯಿತು. ಲಕ್ಷ್ಮಪ್ಪನೂ ಅವನ ಹೆಂಡತಿಯೂ ಲಗ್ನಪತ್ರಿಕೆ ಹಿಡಿದು ಓಣಿಯ ಮನೆ ಮನೆಗೂ ಹೋದರು. ಸಾಹೇಬರ ಬಾಗಿಲಿಗೆ ಮಾತ್ರ ಬರಲಿಲ್ಲ. ಹತ್ತಿರದವರಿಗೆ ಕಡೆಗೆ ಹೇಳುತ್ತಾರೆ ಎಂದು ಸಾಹೇಬರು ಸಮಾಧಾನ ಮಾಡಿಕೊಂಡರು. ನಾಲ್ಕನೆಯ ದಿನ ಒಗೆದ ಅಂಗಿ ತೊಟ್ಟು ಮುಂಜಾನೆಯಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತು ಒಂದೇ ಪೇಪರನ್ನು ಮೂರು ಸಲ ಓದಿದರು. ಯಾರೂ ಬರಲಿಲ್ಲ. ಓಣಿಯಲ್ಲಿ ಹಂದರದ ಗಳ ನೆಟ್ಟರು.

“ಅವರದೇನ ತಪ್ಪೈತಿ?” ಅಂದಳು ಜೈತೂನಬಿ. “ನಿಮ್ಮ ಖರ್ಚು ಉಳಿಸ್ಯಾರ.”

ಭಲೇ ದಾದಾಪೀರ, ಎಂದು ಸಾಹೇಬರು ತಮ್ಮನ್ನು ತಾವೇ ಬೈದುಕೊಂಡರು, ಮಂದಿ ವಿಮಾನ ಹತ್ತಿ ಪರದೇಶಕ್ಕೆ ಹೋಗುತ್ತಾರೆ, ನೀನು ಕಟ್ಟೆಯ ಮೇಲೆ ಕೂತಲ್ಲೇ ಪರದೇಶಿಯಾದೆಯಲ್ಲ. ಆ ಹುಡುಗಿಯ ತಲೆಯ ಮೇಲೆ ನಾಲ್ಕು ಅಕ್ಕಿಕಾಳು ಹಾಕುವ ಪುಣ್ಯವೂ ಇಲ್ಲದ ಮೇಲೆ ಯಾವ ಸಮುದ್ರ ಕಟ್ಟಿಕೊಂಡು ಏನು ಮಾಡುವುದು? ಅವರಿಗೆ ಖರೇನೇ ಸಂಕಟವಾಯಿತು.

ಮದುವೆಯ ದಿನ ಮುಂಜಾನೆ ಮನಸ್ಸು ತಡೆಯದೆ ಇಸ್ತ್ರಿ ಅಂಗಿ ತೊಟ್ಟು, ಕವರಿನಲ್ಲಿ ಎರಡು ಸಾವಿರದ ಒಂದು ರೂಪಾಯಿ ಇಟ್ಟುಕೊಂಡರು. ಕರೆಯದ ಮನೆಗೆ ಹೊರಟಿದ್ದೇನೆಂದು ಹೆಂಡತಿಗೆ ಹೇಗೆ ಹೇಳುವುದೋ ಎಂದು ಹೊರಗೆ ಬಂದರೆ, ಜೈತೂನಬಿ ಆಗಲೇ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಹಂದರದ ಬಾಯಿಯಲ್ಲಿ ಮುಯ್ಯಿ ಬರೆಯಲು ಕೂತವರು ಗಂಡಿನ ಕಡೆಯ, ಮೋಟೆಬೆನ್ನೂರಿನ ಹಿರಿಯರೊಬ್ಬರು. ಪರಿಚಯವಿಲ್ಲ. ಕವರು ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು ಕೇಳಿದರು.

“ಹೆಸರ್ರಿ?”

“ದಾದಾಪೀರ.”

“ಯಾವೂರು ಅಂತ ಬರೀಲ್ರಿ?”

ಎರಡು ತಿಂಗಳಿಂದ ಕಂಡಕಂಡವರಿಗೆಲ್ಲ ಶ್ರೀಲಂಕಾದ ಆ ಊರಿನ ಹೆಸರು ಹೇಳುತ್ತ ತಿರುಗಿದ ಸಾಹೇಬರು ಕತ್ತು ಹೊರಳಿಸಿ ನೋಡಿದರು. ಹಿಂದೆ ನಾಲ್ಕು ಮಂದಿ ಸರದಿಯಲ್ಲಿ ನಿಂತಿದ್ದರು.

“ಇಲ್ಲೇರಿ,” ಅಂದರು ಸಾಹೇಬರು. “ಬಾಜೂ ಮನಿ.”

ಹಾಗೆ ಹೇಳಿ ತಿರುಗಿದರೆ ಎದುರಿಗೆ ಲಕ್ಷ್ಮಪ್ಪ. ಹೆಗಲ ಮೇಲೆ ಟವೆಲ್ಲು, ಮುಖದ ತುಂಬ ಬೆವರು. ಅವರನ್ನೂ, ಬರೆಯುವವರ ಪುಸ್ತಕವನ್ನೂ ನೋಡಿದ.

“ಬಾಜೂ ಮನ್ಯಾವ್ರು ಹಿಂಗ ಬೀಗರಂಗ ತಡಾ ಮಾಡಿ ಬರ್ತಾರೇನ್ರಿ?” ಲಕ್ಷ್ಮಪ್ಪ ಅವರ ರಟ್ಟೆ ಹಿಡಿದ. “ಮುಂಜಾನಿಂದ ಅಡಗಿ ಕಡೆ ನೋಡಾವ್ರಿಲ್ಲ. ಪಂಕ್ತ್ಯಾಗ ನೀರ ಕೊಟ್ಟಿಲ್ಲ. ಲಗೂ ನಡೀರಿ.”

ಸಾಹೇಬರಿಗೆ ಅಳು ಬಂತು. ಕಣ್ಣು ಒರೆಸಿಕೊಳ್ಳಲು ಪುರಸೊತ್ತಿಲ್ಲದೆ ನೀರಿನ ಜಗ್ಗು ಎತ್ತಿಕೊಂಡು ಪಂಕ್ತಿಗೆ ಹೋದರು.