ಬೀಗಿತಿಗೆ ತೋರಿಸಿದ ಮನೆ

ಸೆಲ್ಚುಕ್ ಊರಿನ ಮುರಿದ ನೀರುಗಾಲುವೆಯ ಕಂಬಗಳ ಮೇಲೆ ಕೊಕ್ಕರೆಗಳು ಟಕಟಕನೆ ಕೊಕ್ಕು ಬಡಿಯುವ ಸದ್ದಿಗೆ ನಜ್ಮಿಯೆಗೆ ಬೆಳಗಾಗುತ್ತದೆ. ತನ್ನ ಮನೆಯ ಒದ್ದೆ ಗೋಡೆಯ ಗಾರೆ ಉದುರುವುದೂ ಆ ಸದ್ದಿನಿಂದಲೇ ಎಂದು ಅವಳು ನಂಬಿದ್ದಾಳೆ. ಗಂಡ ತೀರಿಕೊಂಡ ಮೇಲೆ ಅವಳಿಗೆ ಊರಾಚೆಯ ಪಾಳು ನಗರ ಎಫೆಸಸ್‌ನಲ್ಲಿ ಕೆಲಸ ಸಿಕ್ಕಿತು. ರೋಮನ್ನರ ಕಾಲದ ಸಿರಿವಂತರ ಮನೆಗಳನ್ನು ಗುಡಿಸುವುದು. ಅಲ್ಲಿ ಬೆರಳಗಲದ ಗಾರೆ ಅಲುಗಿದರೂ ಪಂಡಿತರು ಓಡಿಬಂದು ಸೂಜಿಯಲ್ಲಿ ಅಂಟು ತುಂಬುತ್ತಾರೆ. ಸತ್ತವರ ಗೋಡೆಗೆ ಇರುವ ಆರೈಕೆ ಅವಳ ಗೋಡೆಗಿಲ್ಲ.

ಅವತ್ತು ಡೆನಿಜ್ಲಿಯಿಂದ ಗಂಡಿನ ತಾಯಿ ಪಾಕೀಜೆ ಹುಡುಗಿಯನ್ನೂ ಮನೆಯನ್ನೂ ನೋಡಲು ಬಂದಳು. ಮಗಳು ಬೆರ್ನಾ ಆ ಹುಡುಗನನ್ನು ಮನಸಾರೆ ಒಪ್ಪಿದ್ದಳು. ಒದ್ದೆ ಗೋಡೆ ಕಂಡರೆ ಸಂಬಂಧ ಮುರಿದೀತು ಎಂದು ಹೆದರಿದ ನಜ್ಮಿಯೆ, ಬೀಗಿತಿಯಾಗಬೇಕಾದವಳನ್ನು ಬಸ್ ನಿಲ್ದಾಣದಿಂದಲೇ ಎಫೆಸಸ್‌ಗೆ ಕರೆದೊಯ್ದಳು. ಸುತ್ತಾಡಿಸಿ ಮನೆಗೆ ಹೋಗುವಷ್ಟರಲ್ಲಿ ಕತ್ತಲಾಗಲಿ ಎಂಬುದು ಅವಳ ಲೆಕ್ಕ.

ಆ ರೋಮನ್ ಮನೆಗಳ ಬಾಗಿಲಲ್ಲೇ ಪಾಕೀಜೆ ಚಪ್ಪಲಿ ಬಿಟ್ಟಳು.

“ಇಲ್ಲಿ ಬಿಡ್ಬೇಕಾಗಿಲ್ಲ ಅಕ್ಕ.”

“ಯಾರದೋ ಮನೆ ಕಣೇ. ಚಪ್ಪಲಿ ಹಾಕ್ಕೊಂಡು ನುಗ್ಗೋದಾ?”

ನಜ್ಮಿಯೆಯೂ ಬಿಟ್ಟಳು. ಅದೇ ನಿಯಮವಿರಬೇಕೆಂದುಕೊಂಡು ಹಿಂದಿದ್ದ ಜರ್ಮನ್ ದಂಪತಿಗಳೂ ಬೂಟು ಕಳಚಿದರು.

ಪಾಕೀಜೆ ನೋಡುಗರಿಗೆಂದು ಎತ್ತರದಲ್ಲಿ ಕಟ್ಟಿದ ಗಾಜಿನ ಹಾದಿಯ ಮೇಲೆ ನಿಂತು ಕೆಳಗಿನ ಕೋಣೆಗಳನ್ನು ಒಂದೊಂದಾಗಿ ದಿಟ್ಟಿಸಿದಳು.

“ಬೀದಿ ಕಡೆ ಒಂದು ಕಿಟಕಿ ಇಲ್ವಲ್ಲೇ! ಆಚೆ ಮನೆ ಸುದ್ದಿ ತಿಳಿಯೋದು ಹೇಗೆ?”

“ಒಳಗೆ ಅಂಗಳ ಇದೆಯಲ್ಲ ಅಕ್ಕ. ಪೂರಾ ಅಮೃತಶಿಲೆ.”

“ಗೋಡೆ ತುಂಬಾ ಬಟ್ಟೆಯಿಲ್ಲದವರ ಚಿತ್ರ. ಇವರ ಎದುರು ಮಾವನಿಗೆ ಊಟ ಬಡಿಸಿದ್ಳಾ ಈ ಮನೆ ಸೊಸೆ? ನೆಲ ನೋಡು, ಸಂದಿ ಸಂದಿಯಲ್ಲೂ ಮಣ್ಣು. ಈ ಮನೆ ಹೆಂಗಸಿಗೆ ಮೈ ಬಗ್ತಾ ಇರ್ಲಿಲ್ಲ ಅನ್ಸುತ್ತೆ.”

ನಜ್ಮಿಯೆಯ ಮೈ ಉರಿಯಿತು. ಮೊನ್ನೆ ತಾನೇ ಮಂಡಿಯೂರಿ ಕುಂಚದಲ್ಲಿ ಉಜ್ಜಿದ ನೆಲ ಅದು.

“ಈ ಮನೆಗೆ ಒಂದು ಮಾತು ಅನ್ಬೇಡಿ! ಕೊರತೆ ಹುಡುಕ್ಲೇಬೇಕು ಅಂದ್ರೆ ನಮ್ಮನೆಗೆ ಬಂದು ಹುಡುಕಿ!”

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಪಾಕೀಜೆ ನಿಧಾನವಾಗಿ ನಕ್ಕಳು.

“ನಾನು ಬಂದಿರೋದೇ ಅದಕ್ಕಲ್ವೇನೇ ತಾಯಿ? ಇನ್ನೂ ಬಿಸಿಲಿದೆ. ನಡಿ.”

ಬೇರೆ ದಾರಿಯಿರಲಿಲ್ಲ. ನಜ್ಮಿಯೆ ಹಿಂತಿರುಗಿ ನೋಡದೆ ಇಳಿಜಾರಿನಲ್ಲಿ ಬಿರಬಿರನೆ ನಡೆದಳು. “ಬೆರ್ನಾ ಕೈಯ ಕಾಫಿ ಚೆನ್ನಾಗಿರುತ್ತೆ ಅಕ್ಕ, ಮೊದಲು ಅದನ್ನ ಕುಡೀರಿ, ಗೋಡೆ ಏನು, ಅದು ಆಮೇಲೆ ನಿಧಾನಕ್ಕೆ ನೋಡಿದ್ರಾಯ್ತು,” ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಹೋದಳು.