ನನ್ನ ಕಾಲ ಕೆಳಗಿನ ಬ್ರೇಕು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಎಡಗಡೆ ಕುಳಿತು ಕಲಿಸುವವನ ಕಾಲಿಗೆ. ಈ ಎರಡನೆಯದು ಅಪಾಯಕ್ಕೆಂದು ಇಟ್ಟಿದ್ದು. ಸಿಂಧನೂರಿನಲ್ಲಿ ಡ್ರೈವಿಂಗ್ ಶಾಲೆ ನಡೆಸಿದಷ್ಟು ಕಾಲವೂ ನಾನು ಅದನ್ನು ಅಪಾಯವಿಲ್ಲದಾಗಲೂ ಒತ್ತುತ್ತಿದ್ದೆ. ಕಲಿಯುವವರ ಕಾಲು ಬ್ರೇಕಿನ ಕಡೆ ಹೊರಳುವಷ್ಟರಲ್ಲಿ ನನ್ನ ಕಾಲು ಕೆಲಸ ಮುಗಿಸಿರುತ್ತಿತ್ತು. ಗಾಡಿ ಬೆಣ್ಣೆಯಂತೆ ನಿಲ್ಲುತ್ತಿತ್ತು. ತಾವೇ ನಿಲ್ಲಿಸಿದೆವೆಂದು ಅವರು ಹಿಗ್ಗುತ್ತಿದ್ದರು. "ಉಸ್ತಾದರ ಹತ್ರ ಕಲಿತರ ಹೆದರಿಕೆನ ಇಲ್ಲ ನೋಡ್ರಿ" ಎಂದು ಹೊರಗೆ ಹೇಳುತ್ತಿದ್ದರು. ಆ ಮಾತು ನನಗೆ ಬಹಳ ರುಚಿಸುತ್ತಿತ್ತು. ಹತ್ತನೇ ತರಗತಿಗೆ ಓದು ಬಿಟ್ಟವನನ್ನು ಜನ ಉಸ್ತಾದ್ ಎನ್ನುವುದು ಸಣ್ಣ ಮಾತೇ?

ಗೊರೇಬಾಳದ ಕಡೆಯ ಒಬ್ಬ ಹೆಣ್ಣುಮಗಳು ನನ್ನಲ್ಲಿ ಕಲಿಯಲು ಬಂದರು. ನಲವತ್ತರ ಆಸುಪಾಸು. ಪಂಚಾಯತಿಯ ಕಸದ ಗಾಡಿ ಓಡಿಸಲು ಮಹಿಳಾ ಸಂಘದಿಂದ ಅವರನ್ನು ಆರಿಸಿದ್ದರು. ಅಲ್ಲಿಯವರೆಗೆ ಭತ್ತದ ನಾಟಿಗೆ ಹೋಗುತ್ತಿದ್ದವರು. ನನ್ನ ಪಕ್ಕದಲ್ಲಿ ಚೆನ್ನಾಗಿಯೇ ಓಡಿಸಿದರು, ಲೈಸೆನ್ಸೂ ಬಂತು. ಅವರು ತಂದ ಪೇಡೆ ನಾನು ತಿಂದೆ.

ಅವರು ಒಬ್ಬರೇ ಗಾಡಿ ತೆಗೆದದ್ದು ಸುಗ್ಗಿಯಲ್ಲಿ. ನಮ್ಮ ಕಾಲುವೆ ಸೀಮೆಯಲ್ಲಿ ಆಗ ಅರ್ಧ ಡಾಂಬರು ರಸ್ತೆ ಭತ್ತ ಒಣಗಿಸುವ ಕಣವಾಗುತ್ತದೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಎಡಕ್ಕೆ ಭತ್ತ, ಎದುರಿಗೆ ಟ್ರ್ಯಾಕ್ಟರ್. ನಿಲ್ಲಬೇಕಿತ್ತು. ಅವರ ಕಾಲು ಬ್ರೇಕು ಹುಡುಕುವಷ್ಟರಲ್ಲಿ ಗಾಡಿ ಭತ್ತವನ್ನೆಲ್ಲ ಎಳೆದುಕೊಂಡು ಪಕ್ಕದ ಗದ್ದೆಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಭತ್ತದ ಒಡೆಯ ಮಾತ್ರ ತಲೆಯ ಮೇಲೆ ಕೈ ಹೊತ್ತ. "ಏ ಯವ್ವಾ, ನೆಲ್ಲು ಒಣಗಾಕ ಹಾಕಿದ್ದೆ, ನೀ ಮತ್ತ ಗದ್ದ್ಯಾಗ ಬಿತ್ತಿದೆಲ್ಲ!"

ಪಂಚಾಯತಿಯವರು ಕೀಲಿ ಇಸಿದುಕೊಂಡರು. ತಿಂಗಳೊಳಗೆ ತಮ್ಮೆದುರು ಓಡಿಸಿ ತೋರಿಸಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದರು. ಆಕೆ ನಮ್ಮ ಶಾಲೆಯ ಬಾಗಿಲಿಗೆ ಬಂದು ನಿಂತರು. "ಉಸ್ತಾದ್ರೀ, ಇದು ಹೋದ್ರ ನಾ ಮತ್ತ ನಾಟಿಗೆ ಹೋಗಬೇಕು. ನನ್ನ ಟೊಂಕ ಇನ್ನ ಬಗ್ಗಂಗಿಲ್ರಿ."

ಆಗ ನಾನು ಆಡಿದ ಮಾತು ಇವತ್ತಿಗೂ ನೆನಪಿದೆ. "ಧೈರ್ಯ ಇಲ್ಲದವರಿಗೆ ನಾ ಹೆಂಗ ಕಲಿಸಲವ್ವ?" ಎಂದುಬಿಟ್ಟೆ.

ನನ್ನ ಸೊಸೆ ಒಳಗಿದ್ದಳು. ಚಿನ್ನದ ಗಣಿಯ ಊರು ಹಟ್ಟಿಯ ಹುಡುಗಿ. ಗಣಿಯಲ್ಲಿ ಲಾರಿ ಓಡಿಸುತ್ತಿದ್ದ ತಂದೆಯಿಂದ ಸ್ಟೇರಿಂಗ್ ಹಿಡಿಯಲು ಕಲಿತು, ಲಿಂಗಸುಗೂರಿನಲ್ಲಿ ಶಿಕ್ಷಕರ ತರಬೇತಿ ಮುಗಿಸಿದವಳು. ಶಾಲೆಯ ನೌಕರಿ ಸಿಗಲಿಲ್ಲ, ಆ ಸುಗ್ಗಿಯ ಹೊತ್ತಿಗೆ ನನಗೆ ಮೊಣಕಾಲು ನೋವು ಬಂದು ಕಾರು ಅವಳ ಕೈಗೆ ಬಂದಿತ್ತು. ಗೊರೇಬಾಳದಾಕೆ ಹೋದ ಮೇಲೆ ಸೊಸೆ ಕೇಳಿದಳು, "ಮಾವಾರ, ಅಕ್ಕಾರು ಕಲಿಯುವಾಗ ನಿಮ್ಮ ಕಾಲು ಎಲ್ಲಿತ್ತ್ರಿ?"

"ಕೆಳಗ ಇತ್ತು, ಮತ್ತೆಲ್ಲಿರತೈತಿ?" ಎಂದೆ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಅವಳು ಮರುದಿನವೇ ಆಕೆಯನ್ನು ಕರೆಸಿದಳು.

ಕೊಯ್ಲಾದ ಬಯಲೊಂದರಲ್ಲಿ ಕಾರು ನಿಲ್ಲಿಸಿ, ಎಡ ಸೀಟಿನಲ್ಲಿ ಊಟಕ್ಕೆ ಕುಳಿತಂತೆ ಚಕ್ಕಳಮಕ್ಕಳ ಹಾಕಿ ಕುಳಿತಳು. "ಅಕ್ಕಾರ, ನನ್ನ ಕಾಲು ನೋಡ್ರಿ, ಮ್ಯಾಲ ಅದಾವು. ಗಾಡಿ ನಿಂತ್ರ ನೀವ ನಿಲ್ಲಿಸಿದ್ದು, ನಿಲ್ಲದಿದ್ರ ನೀವ ನಿಲ್ಲಿಸದ್ದು." ನಾನು ಬದುವಿನ ಮೇಲೆ ಕುಳಿತು ನೋಡುತ್ತಿದ್ದೆ. ಕಾರು ಹಾರಿತು, ಕೆಮ್ಮಿತು, ಆಫ್ ಆಯಿತು. ಅವಳು ಬೈಯಲಿಲ್ಲ, ತಾನೇ ಮಾಡಿಯೂ ತೋರಿಸಲಿಲ್ಲ. "ಯಾಕ ಆಫ್ ಆತು? ನೀವ ಹೇಳ್ರಿ" ಎಂದು ಕಾದಳು. ಆಕೆ ಯೋಚಿಸಿ ಕ್ಲಚ್ಚಿನ ಮಾತು ಹೇಳುವವರೆಗೂ ಕಾದಳು. ನಾನಾಗಿದ್ದರೆ ಅಷ್ಟರಲ್ಲಿ ಮೂರು ಸಲ ಹೇಳಿ ಮುಗಿಸುತ್ತಿದ್ದೆ.

ರಸ್ತೆಗೆ ಬಂದ ಮೇಲೆ ಕಾಲು ಕೆಳಗಿಳಿಸಿದಳು. ಆದರೆ ಬ್ರೇಕು ಒತ್ತಿದಾಗೆಲ್ಲ ಗಟ್ಟಿಯಾಗಿ "ಇದು ನಾ ಒತ್ತಿದ್ದು" ಎನ್ನುತ್ತಿದ್ದಳು. ದಿನ ಕಳೆದಂತೆ ಆ ಮಾತು ಅಪರೂಪವಾಯಿತು.

ನಾನು ಕಲಿಸುವಾಗ ಒಂದು ವಾರ ಬರೀ ರಿವರ್ಸ್, ಇನ್ನೊಂದು ವಾರ ಬರೀ ತಿರುವು. ಕಲಿಯುವವರಿಗೆ ಬೇಗ ಬಂತೆನಿಸುತ್ತಿತ್ತು. ಇವಳು ರಿವರ್ಸ್, ಏರು, ತಿರುವು ಎಲ್ಲವನ್ನೂ ಒಂದೇ ದಿನ ಬೆರೆಸಿ ಕಲಿಸುತ್ತಿದ್ದಳು. ಆಕೆ ತಡವರಿಸುವುದು ನೋಡಿ ನಾನು ಚುಚ್ಚಿದೆ: "ಗಾಡಿ ಕಲಿಸಾಕತ್ತೀಯೋ, ಕೋಲಾಟ ಆಡಿಸಾಕತ್ತೀಯೋ?"

"ರಸ್ತಾ ಏನ್ ಹೇಳಿ ಬರತೈತೇನ್ರಿ ಮಾವಾರ, ಇವತ್ತು ಬರೇ ರಿವರ್ಸ್ ಐತಿ ಅಂತ?" ಎಂದಳು.

ಪ್ರತಿ ಬೆಳಿಗ್ಗೆ ಕೀಲಿ ಕೊಡುವ ಮೊದಲು ಹಿಂದಿನ ದಿನದ ತಪ್ಪುಗಳನ್ನು ಆಕೆಯ ಬಾಯಿಂದಲೇ ಹೇಳಿಸುತ್ತಿದ್ದಳು. ಓಡಿಸುವಾಗಲೂ ಮುಂದೆ ಏನಾಗಬಹುದು ಎಂದು ಬಾಯಿಬಿಟ್ಟು ಹೇಳಬೇಕು. "ಎಮ್ಮಿ ಬರಾಕತ್ತೈತಿ, ಅದು ನಿಲ್ಲಂಗಿಲ್ಲ, ನಾನ ನಿಲ್ತೀನಿ" ಎಂದು ಆಕೆ ಒದರಿ, "ಮೇಡಮ್ಮಾರ, ನನ್ನ ಗಂಡನ ಮುಂದನೂ ನಾ ಇಷ್ಟು ಮಾತಾಡಿಲ್ರಿ" ಎಂದು ನಗುತ್ತಿದ್ದರು. ನಡುವೆ ಎರಡು ಮೂರು ದಿನ ಬೇಕೆಂದೇ ರಜೆ ಕೊಟ್ಟಳು. ಮರೆಯುತ್ತಾರೆ ಎಂದು ನಾನು ಗೊಣಗಿದೆ. "ಅರ್ಧ ಮರೀಲಿ ಬಿಡ್ರಿ. ನೆನಪು ಮಾಡಿಕೊಂಡು ಮತ್ತ ಹಿಡದ್ರ ಗಟ್ಟಿ ಆಗತೈತಿ." ಹಾಗೆಯೇ ಆಯಿತು. ರಜೆಯ ನಂತರದ ದಿನ ಆಕೆ ಮೊದಲು ತಡವರಿಸಿ, ಆಮೇಲೆ ಓಡಿಸಿದ ರೀತಿಗೆ ನಾನು ಬದುವಿನಿಂದ ಎದ್ದು ನಿಂತೆ. ನನ್ನ ಮನೆಯಲ್ಲಿಯೇ ಇಂಥ ಗುರು ಅಡುಗೆ ಮಾಡಿ ಬಡಿಸುತ್ತಿದ್ದಳು, ಒಂದು ದಿನವೂ ನಾನು ಏನನ್ನೂ ಕೇಳಿರಲಿಲ್ಲ.

ತೋರಿಸುವ ದಿನ ಬಂತು. ಉಸ್ತಾದರೇ ಪಕ್ಕದಲ್ಲಿ ಕುಳಿತು ನೋಡಿ ಹೇಳಲಿ ಎಂದರು ಪಂಚಾಯತಿಯವರು. ಅವರು ಹಿಂದೆ ಬೈಕಿನಲ್ಲಿ, ನಾನು ಕಸದ ಗಾಡಿಯ ಎಡಗಡೆ. ಭತ್ತ ಇನ್ನೂ ರಸ್ತೆಯಲ್ಲೇ ಇತ್ತು. ಆಕೆಯ ಬಾಯಿ ಮೆಲ್ಲಗೆ ನಡೆದಿತ್ತು. "ಎಡಕ ನೆಲ್ಲು ಐತಿ. ಮಸ್ಕಿ ಬಸ್ ಬರಾಕತ್ತೈತಿ. ಅದು ಮೊದಲ ಹೋಗ್ಲಿ." ನನ್ನ ಕಾಲು ತಾನೇ ತಾನಾಗಿ ಮುಂದೆ ಚಾಚಿ ನೆಲ ಒತ್ತಿತು. ಅಲ್ಲಿ ಬರೀ ತಗಡು. ಗಾಡಿ ಮಾತ್ರ ಅಂಚಿನ ಕಲ್ಲಿಗಿಂತ ಒಂದು ಮಾರು ಹಿಂದೆಯೇ ನಿಂತಿತ್ತು.

ಆಕೆ ನನ್ನ ಕಾಲು ನೋಡಿದರು. "ಉಸ್ತಾದ್ರೀ, ಅಲ್ಲಿ ಬ್ರೇಕ್ ಇಲ್ರಿ."

ಬಸ್ಸು ದಾಟುತ್ತಿತ್ತು. ಆ ಸದ್ದಿನಲ್ಲೇ ಹೇಳಿದೆ. "ಮೊದಲು ನೀ ಕಲಿಯುವಾಗೆಲ್ಲ ಒತ್ತಿದ್ದು ನಾನವ್ವ. ನಿನಗ ಧೈರ್ಯ ಇಲ್ಲ ಅಂದೆ. ತಪ್ಪು ನಂದಿತ್ತು."

"ಗೊತ್ತೈತ್ರಿ. ಮೇಡಮ್ಮಾರು ಕಾಲು ಮಡಚಿದ ದಿನಾನ ಗೊತ್ತಾತು. ನಾ ಒತ್ತೀನಿ ಅಂತ ತಿಳ್ಕೊಂಡಿದ್ದೆ, ಗಾಡಿ ನಿಲ್ಲಲೇ ಇಲ್ಲ!" ನಕ್ಕು, ಗೇರು ಹಾಕಿದರು.

ಪಂಚಾಯತಿಯ ಮುಂದೆ ಗಾಡಿ ನಿಲ್ಲಿಸಿದಾಗ ಹಿರಿಯರೊಬ್ಬರು, "ಏನಂತೀರಿ ಉಸ್ತಾದ್ರ?" ಎಂದು ಕೇಳಿದರು. "ನನ್ನನ್ಯಾಕ ಕೇಳ್ತೀರಿ, ಕಲಿಸಿದಾಕಿ ನನ್ನ ಸೊಸಿ" ಎಂದೆ. ಗಾಡಿಯಿಂದ ಇಳಿದ ಆಕೆ ಕೀಲಿಯನ್ನು ಯಾರ ಕೈಗೂ ಕೊಡದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಯಾರೂ ಅದನ್ನು ಮರಳಿ ಕೇಳಲಿಲ್ಲ.