ಕಾಫಿ ಬೇಡವೆಂದವರು

ಅನ್ನನಾಳದ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಆಪರೇಷನ್ ಮುಗಿದು, ಮನೆಯವರೆಲ್ಲ ನಿರಾಳವಾದ ಮೇಲೆ ನನ್ನ ಹೃದಯ ತಕರಾರು ತೆಗೆಯಿತು. ಇದ್ದಕ್ಕಿದ್ದಂತೆ ಎದೆಯೊಳಗೆ ತಾಳ ತಪ್ಪಿದ ಓಟ. ಇಂಥ ದೊಡ್ಡ ಆಪರೇಷನ್ ಆದವರಲ್ಲಿ ಹೀಗಾಗುವುದುಂಟು ಎಂದು ಡಾಕ್ಟರು ಧೈರ್ಯ ಹೇಳಿದರು. ನನಗೆ ಮಾತ್ರ ಕಥೆ ಮುಗಿಯಿತು ಅನ್ನಿಸಿತ್ತು. ಡಾಕ್ಟರೂ ನರ್ಸಮ್ಮನೂ ಡ್ರಿಪ್ಪಿನಲ್ಲಿ ಔಷಧಿ ಕೊಟ್ಟು, ಪಕ್ಕದಲ್ಲೇ ನಿಂತು, ಎದೆಬಡಿತವನ್ನು ದಾರಿಗೆ ತಂದರು. ಅವರಿಬ್ಬರನ್ನೂ ಈಗಲೂ ಕೈಮುಗಿದೇ ನೆನೆಯುತ್ತೇನೆ.

ಮನೆಗೆ ಕಳಿಸುವಾಗ ಮಾತ್ರೆಗಳ ಜೊತೆ ಒಂದು ಕಟ್ಟಪ್ಪಣೆ: ಸದ್ಯಕ್ಕೆ ಕಾಫಿ ಮುಟ್ಟಬಾರದು, ಎದೆಬಡಿತ ಮತ್ತೆ ಏರೀತು. ಹೆಗ್ಗದ್ದೆ ಕಡೆಯ ಕಾಫಿ ಎಸ್ಟೇಟಿನಲ್ಲಿ ರೈಟರಾಗಿ ಆಳುಗಳ ಹಾಜರಿ ಬರೆಯುತ್ತ ದಿನವಿಡೀ ಕಾಫಿ ಕುಡಿದವನು ನಾನು. ಗೊಣಗುತ್ತಲೇ ಜೀರಿಗೆ ಕಷಾಯಕ್ಕೆ ಒಗ್ಗಿಕೊಂಡೆ.

ಒಗ್ಗದ್ದು ಬೇರೆ. ನನ್ನನ್ನು ನೋಡಲು ಬಂದವರೆಲ್ಲ, ಹೆಂಡತಿ ಲೋಟ ಹಿಡಿದು ಬಂದರೆ, "ಈಗ್ಲೇ ಕುಡ್ಕಂಡ್ ಬಂದೆ ಕಣಮ್ಮ, ಬ್ಯಾಡ" ಅನ್ನುತ್ತಿದ್ದರು. ನಮ್ಮ ಕಡೆ ಬಂದವರು ಕಾಫಿ ಬೇಡವೆಂದರೆ ಮನೆಯವರ ಮುಖಕ್ಕೆ ಹೊಡೆದಂತೆ. ಕ್ಯಾನ್ಸರ್ ಅಂಟುತ್ತದೆಂದು ನಂಬಿದವರು ಆಗ ಬಹಳ. ಸರಿ, ಇನ್ನು ನಮ್ಮ ಮನೆಯ ಲೋಟವೂ ಇವರಿಗೆ ಬೇಡ ಅಂದುಕೊಂಡೆ. ಬದುಕಿ ಬಂದದ್ದೇ ತಪ್ಪಾಯಿತೇನೋ ಅನ್ನಿಸುವಷ್ಟು ಸಂಕಟವಾಗುತ್ತಿತ್ತು.

ಕೊನೆಗೆ, ನನ್ನ ಜೊತೆ ಓದಿದ ಬೆಳಗೋಡಿನ ಗೆಳೆಯನೂ ಬೇಡ ಅಂದಾಗ ತಡೆಯಲಾಗಲಿಲ್ಲ.

"ನಮ್ಮನೆ ಲೋಟ ಮುಟ್ಟಿದ್ರೆ ನಿಂಗೂ ಅಂಟ್ಕೊಂಬುಡ್ತದೇನೋ?" ಎಂದು ಕೂಗಿದೆ.

ಅವನು ಪೆಚ್ಚಾದ.

"ಥೂ, ಎಂಥ ಮಾತಾಡ್ತೀಯೋ ಮಾರಾಯ! ಕಾಫಿ ಅಂದ್ರೆ ಪ್ರಾಣ ಬುಡೋನು ನೀನು. ನಿನ್ನೆದ್ರಿಗೆ ಕುಂತ್ಕಂಡು ನಾವು ಸೊರ್ರಂತ ಕುಡಿಯೋದಾ? ಆಸೆ ತಡೀದೆ ನೀನೂ ಒಂದ್ ಲೋಟ ಕುಡ್ದು, ಆ ಎದೆ ಮತ್ತೆ ಕೈ ಕೊಟ್ರೆ? ಇಲ್ಲಿಗೆ ಬರೋರೆಲ್ಲ ಹಂಗೇ ಮಾತಾಡ್ಕಂಡಿದೀವಿ ಕಣೋ."

ನನಗೆ ಅಳು ಬಂದುಬಿಟ್ಟಿತು. ಇಷ್ಟು ಜನ ನನ್ನ ಎದೆಯನ್ನು ಕಾಯುತ್ತಿದ್ದರು. ನಾನು ಅವರನ್ನೆಲ್ಲ ಮನಸ್ಸಿನಲ್ಲೇ ಬೈದು ಹಾಕುತ್ತಿದ್ದೆ.

"ಕುಡಿಯೋ, ನಾನು ನೋಡ್ಬೇಕು" ಎಂದೆ.

ಹೆಂಡತಿ ಆರಿದ ಕಾಫಿಯನ್ನು ಮತ್ತೆ ಬಿಸಿ ಮಾಡಿ ತಂದಳು. ಅವನು ನನ್ನ ಮುಖವನ್ನೇ ನೋಡುತ್ತ ಹೆದರಿ ಹೆದರಿ ಗುಟುಕರಿಸಿದ. ಪರಿಮಳ ಮನೆ ತುಂಬಿತು. ನಾನು ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಒಳಗೆ ಅದು ತನ್ನ ಪಾಡಿಗೆ ನೆಟ್ಟಗೆ ಬಡಿಯುತ್ತಿತ್ತು.

ಲೋಟ ಖಾಲಿಯಾದಾಗ ಅಡುಗೆಮನೆಯ ಕಡೆ ತಿರುಗಿ ಕೂಗಿದೆ: "ಇವನಿಗೆ ಇನ್ನೊಂದು ಲೋಟ ತಾರೇ!"